ಸಫಾರಿ ಸಮೇತ ಪ್ರವೇಶ

ಚಿಕ್ಕಬಸಪ್ಪನವರಿಗೆ ಕಿವಿ ಮಂದವಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಡೆದದ್ದಕ್ಕೆಲ್ಲ ಅವರ ಕಿವಿಯೇ ಕಾರಣವೆಂದು ನಂಜನಗೂಡಿನ ನಮ್ಮ ಬೀದಿಯಲ್ಲಿ ಇಂದಿಗೂ ಹೇಳುವವರಿದ್ದಾರೆ. ಕಿವಿ ಚೆನ್ನಾಗಿಯೇ ಇದೆ. ತೊಂದರೆ ಇರುವುದು ಅವರ ಬುದ್ಧಿಯ ವೇಗದಲ್ಲಿ. ಎದುರಿಗಿರುವವರು ಅರ್ಧ ಮಾತಾಡುವಷ್ಟರಲ್ಲಿ ಅವರಿಗೆ ಪೂರ್ತಿ ಅರ್ಥವಾಗಿಬಿಡುತ್ತದೆ. ಉಳಿದರ್ಧವನ್ನು ಕೇಳಿಸಿಕೊಳ್ಳುವ ಅಗತ್ಯ ಅವರಿಗೆ ಕಾಣುವುದಿಲ್ಲ.

ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಅವರು ಸ್ಟೋರ್ ಕೀಪರ್. ನಾನು, ಅಂದರೆ ಮಾದಪ್ಪ, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಅವರ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ, ಅದೂ ತೆಳ್ಳಗಿನದು. ಆದ್ದರಿಂದ ಈ ಪ್ರಕರಣದಲ್ಲಿ ನನ್ನ ಹೇಳಿಕೆಯನ್ನು ಸ್ಥಳದಲ್ಲಿ ಹಾಜರಿದ್ದ ಸಾಕ್ಷಿಯ ಹೇಳಿಕೆಯೆಂದು ಪರಿಗಣಿಸಬೇಕಾಗಿ ವಿನಂತಿ.

ಚಿಕ್ಕಬಸಪ್ಪನವರ ಹೆಂಡತಿ ಸರ್ವಮಂಗಳಮ್ಮ ಬನ್ನೂರಿನ ಮಗಳು. ಮದುವೆಯಾದಾಗಿನಿಂದ ಅವರು ಗಂಡನ ಜೊತೆ ತಿರುಗಾಡಿಲ್ಲವೆಂದಲ್ಲ. ಲಗ್ನ, ಗೃಹಪ್ರವೇಶ, ತೊಟ್ಟಿಲು, ಶಿವಗಣಾರಾಧನೆ ಎಲ್ಲಕ್ಕೂ ಹೋಗಿದ್ದಾರೆ. ಹೋದಲ್ಲೆಲ್ಲ ಸಾಲಿನಲ್ಲಿ ಕೂತು ಉಂಡು, ಎಲೆ ಅಡಿಕೆ ಹಿಡಿದು ಬಂದಿದ್ದಾರೆ. "ಊಟಕ್ಕಲ್ದೆ, ಬರೀ ನೋಡೋಕೆ ಅಂತ ಒಂದಿನ ನನ್ನನ್ನ ಎಲ್ಲಿಗಾದ್ರೂ ಕರ್ಕೊಂಡೋಗಿದ್ದೀರಾ?" ಎಂದು ಅವರು ಗಂಡನನ್ನು ಕೇಳುವುದು ಗೋಡೆಯಾಚೆ ನನಗೂ ಕೇಳಿಸುತ್ತಿತ್ತು.

ಚಿಕ್ಕಬಸಪ್ಪನವರ ಬಳಿ ಇದಕ್ಕೆ ಉತ್ತರ ಸಿದ್ಧವಿತ್ತು. ಮೈಸೂರಿನ ಮೃಗಾಲಯಕ್ಕೆ ಕರೆದುಕೊಂಡು ಹೋಗಿಲ್ಲವೇ? ಹೋಗಿದ್ದು ನಿಜ, ಒಂದಲ್ಲ, ಹಲವು ಸಲ. ಆದರೆ ಅವರ ಕಾರ್ಖಾನೆಯ ವಾರದ ರಜೆ ಮಂಗಳವಾರ, ಮೃಗಾಲಯದ ರಜೆಯೂ ಮಂಗಳವಾರ. ಹೋದ ಮಂಗಳವಾರ ಮುಚ್ಚಿತ್ತು ಎಂದು ಈ ಮಂಗಳವಾರವೂ ಮುಚ್ಚಿರಬೇಕೆಂದೇನೂ ಇಲ್ಲವೆಂಬುದು ಅವರ ವಾದ. ಪ್ರತಿ ಸಲವೂ ಸರ್ವಮಂಗಳಮ್ಮ ಮುಚ್ಚಿದ ಗೇಟಿನ ಮುಂದೆ ನಿಂತು, ಒಳಗಿನಿಂದ ಬಂದ ಯಾವುದೋ ಕೂಗನ್ನು "ಅದೇ ಸಿಂಹ" ಎಂದು ಗಂಡ ಹೇಳಿದ್ದನ್ನು ನಂಬಿ, ಕಳ್ಳೇಕಾಯಿ ತಿಂದು ವಾಪಸಾಗಿದ್ದಾರೆ. ಕೊನೆಯ ಸಲ ಹೋದಾಗ ಆ ಸಿಂಹ ಗೇಟಿನ ಪಕ್ಕದ ಸಂದಿಯಿಂದ ಹೊರಗೆ ಬಂತು. ಅದೊಂದು ಐಸ್‌ಕ್ಯಾಂಡಿ ಗಾಡಿಯಾಗಿತ್ತು.

ಹೀಗಿರುವಾಗ ಯುಗಾದಿಗೆ ಮುಂಚೆ ಸರ್ವಮಂಗಳಮ್ಮನ ತಮ್ಮ ಬಸವೇಶ ಬಂದ. ನರಸೀಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟವನು, ಹೊಸದಾಗಿ ಮಾರುತಿ ವ್ಯಾನು ಕೊಂಡಿದ್ದ. ಆ ಕಾಲಕ್ಕೆ ನಮ್ಮ ಬೀದಿಯಲ್ಲಿ ವ್ಯಾನು ನಿಂತರೆ ಮಕ್ಕಳು ಅದರ ಕನ್ನಡಿಯಲ್ಲಿ ಕ್ರಾಪು ತೀಡಿಕೊಳ್ಳುತ್ತಿದ್ದರು. ಬಸವೇಶ ಕಾಫಿ ಕುಡಿಯುತ್ತ ಸುದ್ದಿ ಬಿಚ್ಚಿದ.

"ಮೈಸೂರಿನಾಚೆ ಕಾನನಲೋಕ ಅಂತ ಹೊಸದಾಗಿ ತೆಗ್ದಿದ್ದಾರೆ ಕಣಕ್ಕಾ. ಬೋನು ಗೀನು ಇಲ್ಲ, ಪ್ರಾಣಿಗಳ ಮಧ್ಯದಲ್ಲೇ ಓಡಾಡ್ಬೋದಂತೆ. ಯುಗಾದಿ ಕಳ್ದ ಭಾನುವಾರ ನಾವು ಹೋಗ್ತಿದ್ದೀವಿ. ನೀನೂ ಬಂದ್ಬಿಡು. ಭಾವನ್ನ ನಂಬ್ಕೊಂಡು ಕೂತ್ರೆ ನೀನು ಇಲಿ ಬಿಟ್ಟು ಬೇರೆ ಪ್ರಾಣಿ ನೋಡಲ್ಲ."

ಭಾವ ಪಕ್ಕದಲ್ಲೇ ಕೂತಿದ್ದರು. ಸರ್ವಮಂಗಳಮ್ಮ ತಮ್ಮನ ಲೋಟ ಎತ್ತಿಕೊಂಡು, "ನಿಮ್ಮ ಪಾಡಿಗೆ ನೀವು ಹೋಗಿ. ನಾವೂ ಅವತ್ತೇ ಹೋಗ್ತಿದ್ದೀವಿ, ಇವರು ಆಗ್ಲೇ ಎಲ್ಲ ಏರ್ಪಾಡು ಮಾಡಿದ್ದಾರೆ" ಎಂದರು. ಇಂಥ ಏರ್ಪಾಡೊಂದು ಆಗಿದೆಯೆಂಬುದು ಚಿಕ್ಕಬಸಪ್ಪನವರಿಗೂ ಆಗಲೇ ಗೊತ್ತಾದದ್ದು.

ವ್ಯಾನು ಹೋದ ಮೇಲೆ ಅವರು ಗಂಡನಿಗೆ ಹೇಳಿದ್ದು ಇಷ್ಟು: "ತವರಿನವನ ಮುಂದೆ ಬಾಯಿಬಿಟ್ಟು ಹೇಳಿದ್ದೀನಿ. ಇದೊಂದ್ಸಲ ನಡೆಸಿಕೊಡಿ. ಆಗ್ಲಿಲ್ಲ ಅಂದ್ರೆ ನಾನು ಇನ್ಯಾವತ್ತೂ ಕೇಳಲ್ಲ." ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚಿಕ್ಕಬಸಪ್ಪನವರು ಎಂದಿನಂತೆ ಟವೆಲ್ಲು ಹೆಗಲಿಗೆ ಹಾಕಿ ಹೊರಗೆ ಬಂದು ನಿಲ್ಲುತ್ತಿದ್ದರು. ಅಂದು ಅವರು ಒಳಗೇ ಕೂತಿದ್ದರು. ಹೆಂಡತಿ ಕೇಳುವುದನ್ನೇ ಬಿಟ್ಟುಬಿಟ್ಟರೆ ಮನೆ ಹೇಗಿರುತ್ತದೆ ಎಂದು ಯೋಚಿಸಿ ಅವರಿಗೆ ಹೆದರಿಕೆಯಾಯಿತಂತೆ. ಇದನ್ನು ಅವರೇ ನನಗೆ ಹೇಳಿದರು.

ಮಾರನೆಯ ಬೆಳಿಗ್ಗೆ ಅವರು ಜಗಲಿಯಲ್ಲಿ ಕೂತು ಮುಖ ಕ್ಷೌರ ಮಾಡಿಕೊಳ್ಳುತ್ತಿದ್ದಾಗ ಮೈಕು ಕಟ್ಟಿದ ಆಟೋ ಒಂದು ಬೀದಿಗೆ ಬಂತು.

"ಬನ್ನಿ, ಕುಟುಂಬ ಸಮೇತ ಬನ್ನಿ. ಪ್ರಾಣಿಗಳನ್ನು ದೂರದಿಂದ ನೋಡಿದ್ದು ಸಾಕು. ಕಾಡಿನೊಳಗೆ ನೀವೂ ಒಬ್ಬರಾಗಿ. ಕೈಯಾರೆ ಮೇವು ತಿನ್ನಿಸಿ. ಹಗ್ಗದ ಸೇತುವೆ, ಜಾರುಬಂಡೆ, ದೋಣಿ ವಿಹಾರ. ಕಾನನಲೋಕ, ಕಾನನಲೋಕ. ಸಫಾರಿ ಸಮೇತ ಪ್ರವೇಶ. ಸಫಾರಿ ಇಲ್ಲದೆ..."

ಇಷ್ಟಾಗುವಾಗ ಆಟೋ ಮೂಲೆ ತಿರುಗಿತು. "ಸಫಾರಿ ಇಲ್ಲದೆ ಬರೀ ಪ್ರವೇಶವೂ ಉಂಟು" ಎಂಬ ಉಳಿದ ಭಾಗ ಪಕ್ಕದ ಬೀದಿಯವರ ಪಾಲಾಯಿತು. ಅವರಿಗೆ ಅದರಿಂದ ಏನೂ ಉಪಯೋಗವಾಗಲಿಲ್ಲ.

ಅರ್ಧ ಮುಖದಲ್ಲಿ ಸೋಪಿನ ನೊರೆ ಇದ್ದ ಹಾಗೆಯೇ ಚಿಕ್ಕಬಸಪ್ಪನವರು ನಮ್ಮ ಮನೆಗೆ ಬಂದರು.

"ಮಾದಪ್ಪನೋರೆ, ಕೇಳುಸ್ಕೊಂಡ್ರಾ? ಸಫಾರಿ ಇಲ್ದೆ ಒಳಗ್ ಬಿಡಲ್ವಂತೆ ಕಣ್ರೀ."

ಇಲ್ಲಿ ಈಗಿನವರಿಗಾಗಿ ಒಂದು ಮಾತು. ಆಗ ನಮ್ಮ ಕಡೆ ಸಫಾರಿ ಎಂದರೆ ಒಂದೇ ಅರ್ಥ. ಒಂದೇ ಬಟ್ಟೆಯಲ್ಲಿ ಹೊಲಿದ ಅಂಗಿ ಮತ್ತು ಪ್ಯಾಂಟು, ಅಂಗಿಗೆ ನಾಲ್ಕು ಜೇಬು, ಅಂಗಿ ಸದಾ ಪ್ಯಾಂಟಿನ ಹೊರಗೆ. ತಹಸೀಲ್ದಾರರು, ಬ್ಯಾಂಕಿನ ಮೇನೇಜರು, ಮದುವೆ ಗಂಡಿನ ಸೋದರಮಾವ, ಇಂಥವರು ಅದನ್ನು ಹಾಕುತ್ತಿದ್ದರು. ಸಫಾರಿ ಹಾಕಿದವನು ಬಸ್ಸು ಹತ್ತಿದರೆ ಕಂಡಕ್ಟರು ಚಿಲ್ಲರೆಯನ್ನು ಕೇಳದೆಯೇ ಕೊಡುತ್ತಿದ್ದ.

"ಪ್ರಾಣಿ ನೋಡೋಕೆ ಸಫಾರಿ ಯಾಕೆ ಬೇಕು ಅಂತ?" ಎಂದೆ.

"ಅದನ್ನೇ ನಿಮ್ಮನ್ನ ಕೇಳ್ತಿರೋದು. ನೀವು ಸರ್ಕಾರದೋರು."

ಸರ್ಕಾರದವನಾಗಿ ಗೊತ್ತಿಲ್ಲವೆನ್ನುವ ಪದ್ಧತಿ ನಮ್ಮಲ್ಲಿಲ್ಲ. "ಆ ಬಗ್ಗೆ ಸುತ್ತೋಲೆ ಇದ್ದರೂ ಇರಬಹುದು" ಎಂದೆ. ಅವರು ಅದನ್ನು ಹುಕುಂ ಎಂದೇ ತೆಗೆದುಕೊಂಡರು.

ಎದುರು ಮನೆಯ ಮರಿಯಯ್ಯ ಅದೇ ಕಾರ್ಖಾನೆಯಲ್ಲಿ ಫಿಟ್ಟರ್. ಅವನೂ ಬಂದು ನಿಂತ. ವಿಷಯ ಕೇಳಿ ಅವನಿಗೆ ಆಶ್ಚರ್ಯವೇ ಆಗಲಿಲ್ಲ.

"ಅದು ಸರೀನೇ ಕಣ್ರಿ ಬಸಪ್ಪೋರೆ. ದೊಡ್ಡ ಕ್ಲಬ್ಬುಗಳಲ್ಲಿ ಪಂಚೆ ಉಟ್ಕಂಡೋದ್ರೆ ಬಾಗ್ಲಲ್ಲೇ ನಿಲ್ಲಿಸ್ತಾರಂತಲ್ಲ. ಇನ್ನ ಇಲ್ಲಿ ಉಲಿ ಸಿಮ್ಮ ಎಲ್ಲ ಬಯಲಲ್ಲೇ ಇರ್ತವೆ. ಬಣ್ಣಬಣ್ಣದ್ ಬಟ್ಟೆ ಆಕ್ಕಂಡೋದ್ರೆ ಅವು ಸುಮ್ಕಿದ್ದಾವಾ? ಮಣ್ ಬಣ್ಣದ್ ಸಫಾರಿ ಆದ್ರೆ ಮರನೋ ಮನ್ಸನೋ ಅಂತ ಅವುಕ್ಕೆ ಗೊತ್ತಾಗಾಕಿಲ್ಲ."

ಈ ವಿವರಣೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಸಂಜೆಯ ಹೊತ್ತಿಗೆ ಇಡೀ ಬೀದಿ ಅದನ್ನು ತಾವೇ ಕಂಡುಹಿಡಿದಂತೆ ಹೇಳತೊಡಗಿತು. ಬಸವೇಶನಿಗೆ ಒಂದು ಫೋನು ಮಾಡಿ ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಏರ್ಪಾಡೆಲ್ಲ ಆಗಿದೆಯೆಂದು ಹೇಳಿಸಿಕೊಂಡ ಮನುಷ್ಯ ಆ ಫೋನು ಹೇಗೆ ಮಾಡಿಯಾನು?

ಬಜಾರಿನ ದರ್ಜಿ ಪುಟ್ಟಸ್ವಾಮಿ ಚಿಕ್ಕಬಸಪ್ಪನವರ ಮಾತು ಕೇಳಿ ಕೊರಳಲ್ಲಿದ್ದ ಟೇಪನ್ನು ತೆಗೆದು ಮೇಜಿನ ಮೇಲಿಟ್ಟ.

"ಎಲ್ರಿಗೂ ಅಂದ್ರೆ ಯಾರ್ ಯಾರಿಗೆ ಸಾರ್?"

"ನಾನು, ನಮ್ಮಪ್ಪಯ್ಯ, ಮಕ್ಕಳು ಮದನ, ಪವಿತ್ರ, ಇವಳು."

"ಅಮ್ಮಾವ್ರಿಗೂ?"

"ಕುಟುಂಬ ಸಮೇತ, ಸಫಾರಿ ಸಮೇತ. ಮೈಕಲ್ಲಿ ಎರಡನ್ನೂ ಒಟ್ಟಿಗೇ ಹೇಳಿದ್ರು."

ಪುಟ್ಟಸ್ವಾಮಿ ತನ್ನ ವೃತ್ತಿಜೀವನದಲ್ಲಿ ಸೀರೆಗೆ ಹೊಂದುವ ಸಫಾರಿಯನ್ನು ಹೊಲಿದವನಲ್ಲ. ಬಹಳ ಹೊತ್ತು ಚರ್ಚೆಯಾಗಿ, ಸೀರೆಯ ಮೇಲೆ ಹಾಕಿಕೊಳ್ಳುವ ನಾಲ್ಕು ಜೇಬಿನ ತುಂಬುತೋಳಿನ ಅಂಗಿಯೊಂದು ತೀರ್ಮಾನವಾಯಿತು. ಜೇಬಿಗೆ ಮುಚ್ಚಳ ಬೇಕೇ ಎಂದು ಅವನು ಸರ್ವಮಂಗಳಮ್ಮನನ್ನು ಕೇಳಿದ.

"ನೀನು ಗೋಣಿಚೀಲಕ್ಕೆ ತೋಳಿಟ್ಟು ಕೊಟ್ರೂ ಹಾಕ್ಕೋತೀನಿ ಪುಟ್ಟಸ್ವಾಮಿ. ಹಬ್ಬದ ಮಾರನೇ ದಿನಕ್ಕೆ ಕೊಟ್ಬಿಡು. ನಾವು ಹೊರಡ್ಬೇಕು, ಅಷ್ಟೇ" ಎಂದರು ಅವರು.

ತಕರಾರು ಬಂದದ್ದು ಚಿಕ್ಕಬಸಪ್ಪನವರ ತಂದೆ ಶಿವಣ್ಣನವರಿಂದ. ಬಿಳಿಗೆರೆಯಲ್ಲಿ ಬೇಸಾಯ ಮಾಡಿಕೊಂಡಿರುವ ಹಿರಿಯರು, ಹಬ್ಬಕ್ಕೆಂದು ಬಂದಿದ್ದರು. ಹಣೆ ತುಂಬ ವಿಭೂತಿ, ಬಿಳಿ ಪಂಚೆ. ಹುಟ್ಟಿದಾಗಿನಿಂದ ಎರಡು ಕಾಲನ್ನೂ ಬೇರೆಮಾಡುವ ಬಟ್ಟೆ ಹಾಕಿದವರಲ್ಲ.

"ಪ್ರಾಣಿ ನೋಡಾಕೆ ನಾನ್ಯಾಕ್ಲಾ ಪ್ಯಾಂಟ್ ಆಕ್ಕೊಳ್ಳಿ? ಅವೇನ್ ಆಕ್ಕೊಂಡಿದ್ದಾವಾ?"

ಕೊನೆಗೆ ಸೊಸೆ ಹೋಗಿ, "ಮಾವಯ್ಯ, ನನಗೋಸ್ಕರ" ಎಂದ ಮೇಲೆ ರಾಜಿಯಾಯಿತು. ಮೇಲೆ ಸಫಾರಿ, ಕೆಳಗೆ ಪಂಚೆ. ಪ್ರಾಣಿ ಎದುರು ಬಂದರೆ ಬಿಳಿ ಪಂಚೆ ಕಾಣದಂತೆ ಸೊಂಟದವರೆಗೆ ಬಗ್ಗಿ ನಿಲ್ಲುವುದೆಂದು ಮರಿಯಯ್ಯ ಸಲಹೆ ಕೊಟ್ಟ.

ಇನ್ನು ರಜೆ. ಭಾನುವಾರ ಕಾರ್ಖಾನೆ ಇರುತ್ತದೆ, ರಜೆ ಕೊಡಬೇಕಾದವರು ಮೇನೇಜರು. ಇಡೀ ಕಾರ್ಖಾನೆಯಲ್ಲಿ ಸಫಾರಿ ಹಾಕುವವರು ಅವರೊಬ್ಬರೇ. ಸ್ಟೋರ್ ಕೀಪರು ಮನೆಮಂದಿಗೆಲ್ಲ ಸಫಾರಿ ಹೊಲಿಸುತ್ತಿದ್ದಾನೆಂಬ ಸುದ್ದಿ ಅವರಿಗೂ ಮುಟ್ಟಿತ್ತು. ಅದು ತಮ್ಮನ್ನು ಅಣಕಿಸಲು ನಡೆಸಿದ ಕಾರ್ಯಕ್ರಮವೆಂದು ಅವರು ತಿಳಿದಿದ್ದರು. ಚಿಕ್ಕಬಸಪ್ಪನವರು ಹೋಗಿ ವಿಷಯ ಬಿಡಿಸಿ ಹೇಳಿದ ಮೇಲೆ ಅವರ ಮುಖ ಸಡಿಲವಾಯಿತಂತೆ.

"ಹಾಗಾದ್ರೆ ಸಫಾರಿ ಇಲ್ದೋರಿಗೆ ಪ್ರವೇಶ ಇಲ್ವಾ?"

"ಇಲ್ವೇ ಇಲ್ಲ ಸಾರ್."

"ಹ್ಞೂ, ಕೆಲವು ಕಡೆ ರೂಲ್ಸು ಹಾಗೇ ಇರುತ್ತೆ. ನಾನಾದ್ರೆ ಯಾವಾಗ ಬೇಕಾದ್ರೂ ಹೋಗ್ಬೋದು. ನಿಮಗೆ ಪಾಪ, ಹೊಲಿಸ್ಬೇಕು" ಎಂದು ರಜೆಗೆ ಸಹಿ ಹಾಕಿದರು.

ಅಷ್ಟರಲ್ಲಿ ಸುದ್ದಿ ಬನ್ನೂರಿಗೆ ತಲುಪಿ ಅಲ್ಲಿ ಸ್ವಲ್ಪ ದಪ್ಪವಾಯಿತು. ನಂಜನಗೂಡಿನ ಅಳಿಯಂದಿರು ಆಫೀಸರಾಗಿದ್ದಾರೆ, ಅದಕ್ಕೇ ಸಫಾರಿ ಎಂದು ಅತ್ತೆಯವರು ನೆಂಟರಿಗೆಲ್ಲ ಹೇಳಿದರು. ಹಬ್ಬದ ದಿನವೇ ಅವರ ಕಡೆಯ ಸಿದ್ದಯ್ಯನೆಂಬುವರು ಬೆಲ್ಲದ ಅಚ್ಚು ಹಿಡಿದು, ಮಗನಿಗೊಂದು ಕೆಲಸ ಕೇಳಲು ಬಂದರು. ಚಿಕ್ಕಬಸಪ್ಪನವರು ಅವರ ಮಾತನ್ನೂ ಅರ್ಧ ಕೇಳಿ, ಅವರಿಗೂ ಕಾನನಲೋಕಕ್ಕೆ ಬರುವ ಆಸೆಯೆಂದು ಅರ್ಥಮಾಡಿಕೊಂಡು, "ಈ ಭಾನುವಾರ ಬೇಡ, ಮುಂದೆ ನೋಡೋಣ. ಅಳತೆ ಕೊಟ್ಟು ಹೋಗಿ" ಎಂದರು. ಸಿದ್ದಯ್ಯ ಪುಟ್ಟಸ್ವಾಮಿಗೆ ಅಳತೆ ಕೊಟ್ಟು, ಮಗನಿಗೆ ಕೆಲಸವಾಯಿತೆಂದು ಸಂತೋಷವಾಗಿ ಊರಿಗೆ ಹೋದರು.

ಭಾನುವಾರ ಬಂತು. ಮರಿಯಯ್ಯ ಒಂದು ಟೆಂಪೋ ಗೊತ್ತುಮಾಡಿದ್ದ. ನಾವಿಬ್ಬರೂ ಅವರ ಜೊತೆಗೆ ಹೊರಟಿದ್ದರಿಂದ ಅವನೂ ಸಫಾರಿ ಹೊಲಿಸಿದ್ದ. ನಾನು ನನ್ನ ಮದುವೆಯ ಸಫಾರಿಯನ್ನು ಹೊಟ್ಟೆ ಒಳಗೆಳೆದುಕೊಂಡು ಹಾಕಿದ್ದೆ. ಮರಿಯಯ್ಯನ ಹೆಂಡತಿ ಮುದ್ದಮ್ಮ ಬಾಗಿಲಲ್ಲಿ ನಿಂತು ನಮ್ಮೆಲ್ಲರನ್ನೂ ಮೇಲಿನಿಂದ ಕೆಳಗೆ ನೋಡಿ, "ನೀವ್ ಓಗ್ಬನ್ನಿ. ಮನೇಲಿ ಒಬ್ರಾದ್ರೂ ನೆಟ್ಟುಗಿರ್ಬೇಕು" ಎಂದು ಒಳಗೆ ಹೋದರು.

ಹೊಸದಾಗಿ ಹೊಲಿಸಿದ್ದೆಲ್ಲವೂ ಒಂದೇ ಥಾನಿನ ಮಣ್ಣು ಬಣ್ಣ, ನನ್ನದೂ ಹೆಚ್ಚುಕಡಿಮೆ ಅದೇ ಬಣ್ಣ. ಸರ್ವಮಂಗಳಮ್ಮ ತಮ್ಮ ಅಂಗಿಯ ನಾಲ್ಕು ಜೇಬಿನಲ್ಲೂ ರಸಬಾಳೆ ತುಂಬಿಕೊಂಡಿದ್ದರು. ದಾರಿಯಲ್ಲಿ ಅವರು ಕಿಟಕಿಯ ಹೊರಗೇ ನೋಡುತ್ತಿದ್ದರು. ಮೈಸೂರು ದಾಟಿದ ಮೇಲೆ ಒಂದೇ ಒಂದು ಸಲ, "ಇವತ್ತು ಅವರಿಗೆ ರಜ ಇಲ್ಲ ತಾನೆ?" ಎಂದು ಕೇಳಿದರು. ಚಿಕ್ಕಬಸಪ್ಪನವರು ಇಲ್ಲವೆಂದು ತಲೆಯಾಡಿಸಿದರು, ಆದರೆ ಅವರ ಮುಖವೂ ಬಿಳುಚಿಕೊಂಡಿತ್ತು.

ಕಾನನಲೋಕದ ಗೇಟು ತೆರೆದಿತ್ತು. ಮುಂದೆ ಉದ್ದನೆಯ ಸಾಲು. ನಾವು ಟೆಂಪೋದಿಂದ ಇಳಿಯುತ್ತಿದ್ದಂತೆ ಬಾಯಲ್ಲಿ ಸೀಟಿ ಕಚ್ಚಿಕೊಂಡ ಒಬ್ಬ ಸೂಪರ್‌ವೈಸರು ಓಡಿಬಂದ. ಅವನು ಹಾಕಿದ್ದುದೂ ಮಣ್ಣು ಬಣ್ಣದ, ನಾಲ್ಕು ಜೇಬಿನ ಅಂಗಿ. ಒಳಗೆ ಗುಡಿಸುತ್ತಿದ್ದ ಹೆಂಗಸೊಬ್ಬಳು ಸೀರೆಯ ಮೇಲೆ ಅಂಥದೇ ಅಂಗಿ ತೊಟ್ಟಿದ್ದಳು.

"ಏನ್ರೀ ಇದು, ಈಗ ಬರ್ತಿದ್ದೀರಾ? ಬೆಳಕು ಹರಿಯೋ ಹೊತ್ತಿಗೇ ಕಳಿಸ್ತೀವಿ ಅಂದಿದ್ರು ನಿಮ್ಮ ಏಜೆನ್ಸಿಯೋರು. ಜನ ಆಗ್ಲೇ ಸಾಲು ನಿಂತಿದ್ದಾರೆ."

ಅವನು ಕಾಯುತ್ತಿದ್ದುದು ಗುತ್ತಿಗೆಯ ಕೆಲಸಗಾರರಿಗಾಗಿ. ಇದು ನನಗೆ ಆಮೇಲೆ ತಿಳಿದದ್ದು. ಚಿಕ್ಕಬಸಪ್ಪನವರಿಗಂತೂ ಅವನು ಬಾಯಿ ತೆರೆಯುವಾಗಲೇ ಬೇರೇನೋ ಅರ್ಥವಾಗಿತ್ತು.

"ಸಫಾರಿ ಸಮೇತ ಬಂದಿದ್ದೀವಿ ಸಾರ್" ಎಂದರು.

"ಕಾಣ್ತಿದೆ. ಹಿಂದ್ಗಡೆ ಗೇಟಿಂದ ಬನ್ನಿ ಬೇಗ."

ಚಿಕ್ಕಬಸಪ್ಪನವರು ನಮ್ಮ ಕಡೆ ತಿರುಗಿದರು. ಆ ಮುಖದ ಸಂತೋಷವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. "ನೋಡಿದ್ರಾ? ಸಫಾರಿ ಇಲ್ದೋರೆಲ್ಲ ಬಿಸಿಲಲ್ಲಿ ನಿಂತಿದ್ದಾರೆ. ನಮಗೆ ಗೇಟೇ ಬೇರೆ."

ಒಳಗೆ ಹೋದ ಮೇಲೆ ಸೂಪರ್‌ವೈಸರು ನಮ್ಮನ್ನು ಸಾಲಾಗಿ ನಿಲ್ಲಿಸಿದ. ಮಕ್ಕಳನ್ನು ನೋಡಿ, "ಇವರನ್ಯಾಕೆ ಕರ್ಕೊಂಡ್ ಬಂದ್ರಿ? ಇವರಿಗೂ ಯೂನಿಫಾರಂ ಹೊಲಿಸಿದ್ದೀರಲ್ರೀ" ಎಂದು ಮೆಚ್ಚಿ, ಜಾರುಬಂಡೆಯ ಕಡೆ ಹೋಗಿ ಆಡಿಕೊಳ್ಳಲು ಬಿಟ್ಟ. ಮದನನೂ ಪವಿತ್ರಳೂ ಆ ಕ್ಷಣದಲ್ಲೇ ಮಾಯವಾದರು. ಆಮೇಲೆ ಅವನು ಶಿವಣ್ಣನವರ ಮುಂದೆ ನಿಂತ. ಪಂಚೆಯನ್ನೂ ವಿಭೂತಿಯನ್ನೂ ನೋಡಿ ಸ್ವಲ್ಪ ತಡೆದ.

"ನೀವು ಯಾವ ಕಡೆಯೋರು ತಾತ?"

"ಬಿಳಿಗೆರೆ ಕಡೆಯೋನು ಸಾಮಿ."

"ಬಿಳಿ ಗೆರೆಯಾ? ಜೀಬ್ರಾ ನೋಡಿ ಅನುಭವ ಇದೆ ಅನ್ನಿ. ಒಳ್ಳೇದಾಯ್ತು, ಆ ಬೇಲಿ ಒಳಗಿದ್ದಾವೆ, ಹೋಗಿ ನೋಡ್ಕೊಳ್ಳಿ."

ಶಿವಣ್ಣನವರು ಹೋದರು. ಜೀಬ್ರಾ ಎಂಬುದನ್ನು ಅವರು ಕಂಡಿದ್ದೇ ಅಂದು. ಆದರೆ ನಾಲ್ಕು ಕಾಲಿನ, ಹುಲ್ಲು ತಿನ್ನುವ ಯಾವುದರ ಬಳಿಯೂ ಅವರಿಗೆ ಸಂಕೋಚವಿಲ್ಲ. ಒಂದರ ಬಾಯಿ ಬಿಡಿಸಿ ಹಲ್ಲು ನೋಡಲು ಹೋಗಿ ಒದೆ ತಪ್ಪಿಸಿಕೊಂಡರು. ಬೇಲಿಯ ಹೊರಗೆ ಸೇರಿದ ಜನ, ಯಾರೋ ಸ್ವಾಮಿಗಳು ಪ್ರಾಣಿಗಳನ್ನು ಆಶೀರ್ವದಿಸುತ್ತಿದ್ದಾರೆಂದು ತಿಳಿದು ಕೈಮುಗಿದರು.

ಮರಿಯಯ್ಯನನ್ನು ಹಗ್ಗದ ಸೇತುವೆಗೆ ಹಾಕಿದರು. ನನ್ನನ್ನು ಚೀಲ ಇಟ್ಟುಕೊಂಡು ಬಿಲ್ಲೆ ಕೊಡುವ ಕೌಂಟರಿನಲ್ಲಿ ಕೂರಿಸಿದರು. ಕೌಂಟರು, ಮೇಜು, ಎದುರು ನಿಂತ ಜನ, ಇಷ್ಟನ್ನೂ ಕಂಡು ಅಭ್ಯಾಸಬಲದಿಂದ ಮೊದಲನೆಯವರಿಗೆ "ನಾಳೆ ಬನ್ನಿ" ಎಂದುಬಿಟ್ಟೆ. ಚಿಕ್ಕಬಸಪ್ಪನವರ ಕೈಗೆ ಒಂದು ಕೋಲು ಕೊಟ್ಟು, ನಾಲ್ಕು ದಾರಿ ಕೂಡುವಲ್ಲಿ ನಿಂತು ಜನರಿಗೆ ದಾರಿ ತೋರಿಸುವಂತೆ ಹೇಳಿದರು. ಇದಕ್ಕಿಂತ ತಪ್ಪು ಕೆಲಸವನ್ನು ಅವರಿಗೆ ಯಾರೂ ಕೊಡಲಾರರು. ಮಂಡ್ಯದ ಕಡೆಯವರೊಬ್ಬರು ಬಂದು "ಮೊಸಳೆ ಎಲ್ಲಿ" ಎಂದು ಕೇಳುತ್ತಿದ್ದಂತೆ, "ಮೊಸ" ಎಂಬಲ್ಲಿಗೇ ಅರ್ಥವಾಗಿ, ಕುಟುಂಬವನ್ನೆಲ್ಲ ಕ್ಯಾಂಟೀನಿಗೆ ಕಳಿಸಿದರು. ಆ ಕುಟುಂಬ ಅಲ್ಲಿ ಮೊಸರನ್ನ ತಿಂದು ತೃಪ್ತಿಯಿಂದ ಹೊರಬಂದದ್ದನ್ನು ನಾನೇ ನೋಡಿದೆ.

"ಕೆಲಸ ಮಾಡೋಕೆ ಕರೆದಂಗಿದೆಯಲ್ರೀ" ಎಂದು ನಾನೊಮ್ಮೆ ಹೋಗಿ ಮೆಲ್ಲಗೆ ಕೇಳಿದೆ.

"ಅದೇ ಕಣ್ರೀ ಇಲ್ಲಿ ವಿಶೇಷ. ಕಾಡಿನೊಳಗೆ ನೀವೂ ಒಬ್ಬರಾಗಿ ಅಂದ್ರಲ್ಲ ಮೈಕಲ್ಲಿ. ಅದಕ್ಕೇ ಸಫಾರಿ" ಎಂದರು. ಅವರ ವಾದದಲ್ಲಿ ಒಂದು ಬಿರುಕೂ ಕಾಣಲಿಲ್ಲ, ನಾನು ಕೌಂಟರಿಗೆ ವಾಪಸು ಬಂದೆ.

ನನ್ನ ಕೌಂಟರಿನ ಎದುರಿಗೇ ಜಿರಾಫೆಯ ಬೇಲಿ. ಸೂಪರ್‌ವೈಸರು ಸರ್ವಮಂಗಳಮ್ಮನ ಕೈಗೆ ಸೊಪ್ಪಿನ ಬುಟ್ಟಿಯೊಂದನ್ನು ಕೊಟ್ಟು ಬೇಲಿಯೊಳಕ್ಕೆ ಬಿಟ್ಟಿದ್ದ. ಅವರು ಬುಟ್ಟಿ ಹಿಡಿದು ಅಲ್ಲೇ ನಿಂತುಬಿಟ್ಟರು. ಜಿರಾಫೆ ದೂರದ ಮರದ ಹತ್ತಿರವಿತ್ತು. ಇವರನ್ನು ನೋಡಿ ನಿಧಾನವಾಗಿ ಬಂತು, ಬಂದು ನಿಂತು, ಅಷ್ಟೆತ್ತರದಿಂದ ತಲೆಯನ್ನು ಇಳಿಸುತ್ತ ಇಳಿಸುತ್ತ ಇವರ ಮುಖದ ಸಮಕ್ಕೆ ತಂದಿತು. ಸರ್ವಮಂಗಳಮ್ಮ ಒಂದು ಕಡ್ಡಿ ಸೊಪ್ಪು ಚಾಚಿದರು. ಅದು ನೀಲಿ ನಾಲಗೆ ಹೊರಚಾಚಿ ಸೊಪ್ಪನ್ನು ಸೆಳೆದುಕೊಂಡು, ಆಮೇಲೆ ಅದೇ ನಾಲಗೆಯನ್ನು ಅವರ ಅಂಗಿಯ ಜೇಬಿಗೆ ಇಳಿಸಿ ರಸಬಾಳೆಯನ್ನು ಎಳೆಯತೊಡಗಿತು. ಸರ್ವಮಂಗಳಮ್ಮ ನಕ್ಕರು. ಬಾಯಿಗೆ ಸೆರಗು ಅಡ್ಡ ಹಿಡಿಯದೆ, ಗಟ್ಟಿಯಾಗಿ ನಕ್ಕರು. ನಮ್ಮಿಬ್ಬರ ಮನೆಯ ನಡುವಿನ ಗೋಡೆ ಅಷ್ಟು ತೆಳ್ಳಗಿದ್ದರೂ ಆ ನಗುವನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ದಾರಿ ಕೂಡುವಲ್ಲಿ ನಿಂತಿದ್ದ ಚಿಕ್ಕಬಸಪ್ಪನವರಿಗೂ ಅದು ಕೇಳಿಸಿತು. ಅವರು ಕೋಲು ಕೆಳಗಿಟ್ಟು ಬೇಲಿಯ ಬಳಿಗೆ ಬಂದು ನೋಡುತ್ತ ನಿಂತರು. ಆ ಹೊತ್ತಿನಲ್ಲಿ ಕಾನನಲೋಕದಲ್ಲಿ ಯಾರಿಗೂ ದಾರಿ ತಪ್ಪಲಿಲ್ಲ.

ಬಸವೇಶ ಬಂದದ್ದು ಆಗ. ಪಾಪ, ಬಿಸಿಲಲ್ಲಿ ಸಾಲು ನಿಂತು, ಹೆಂಡತಿ ಮಕ್ಕಳೊಡನೆ ಬೆವರುತ್ತ ಬಂದ. ಬೇಲಿಯ ಆಚೆ ಜಿರಾಫೆ, ಜಿರಾಫೆಯ ಪಕ್ಕ ಅಕ್ಕ.

"ಅಕ್ಕಾ, ನೀನ್ಯಾಕೆ ಒಳಗಿದ್ದೀಯ? ಇದೇನ್ ಬಟ್ಟೆ?"

"ಸಫಾರಿ ಕಣೋ. ನಿಮ್ಮದೆಲ್ಲಿ?" ಎಂದರು ಸರ್ವಮಂಗಳಮ್ಮ.

ಬಸವೇಶ ಭಾವನನ್ನು ನೋಡಿದ, ಭಾವನ ನಾಲ್ಕು ಜೇಬು ನೋಡಿದ, ನನ್ನನ್ನೂ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ಅಯ್ಯೋ ಭಾವ, ಸಫಾರಿ ಅಂದ್ರೆ ಬಟ್ಟೆ ಅಲ್ಲ. ಅಗೋ ಅಲ್ಲಿ ನೋಡಿ." ಎದುರಿನ ರಸ್ತೆಯಲ್ಲಿ ಜನ ತುಂಬಿದ ಪಟ್ಟೆಪಟ್ಟೆ ಬಣ್ಣದ ಜೀಪೊಂದು ಹೋಗುತ್ತಿತ್ತು. ಅದರ ಮೇಲೆ ಎದ್ದು ಕಾಣುವಂತೆ ಸಫಾರಿ ಎಂದು ಬರೆದಿತ್ತು. "ಆ ಜೀಪಲ್ಲಿ ಕೂತು ಕಾಡು ಸುತ್ತೋದಕ್ಕೆ ಸಫಾರಿ ಅನ್ನೋದು. ನಿಮ್ಮನ್ನ ಇಲ್ಲಿಯ ಕೂಲಿಯೋರು ಅಂದ್ಕೊಂಡಿದ್ದಾರೆ. ನಮ್ಮಕ್ಕನ ಕೈಲಿ ಮೇವು ಹಾಕಿಸ್ತಿದ್ದಾರೆ."

ಸುತ್ತ ಇದ್ದವರೂ ನಕ್ಕರು. ಗದ್ದಲ ಕೇಳಿ ಸೂಪರ್‌ವೈಸರು ಓಡಿಬಂದ. ಏಜೆನ್ಸಿಯ ಲಾರಿ ದಾರಿಯಲ್ಲಿ ಕೆಟ್ಟು ನಿಂತಿದೆಯೆಂದು ಅವನಿಗೆ ಆಗತಾನೆ ಫೋನು ಬಂದಿತ್ತು. ಅವನ ಸೀಟಿ ಬಾಯಿಂದ ಜಾರಿ ಎದೆಯ ಮೇಲೆ ನೇತಾಡುತ್ತಿತ್ತು.

"ಹಂಗಾದ್ರೆ ನೀವು ಯಾರ್ರೀ?"

"ಕುಟುಂಬ ಸಮೇತ ಸಾರ್" ಎಂದರು ಚಿಕ್ಕಬಸಪ್ಪನವರು, ಬಹಳ ಸಣ್ಣ ದನಿಯಲ್ಲಿ.

ಸೂಪರ್‌ವೈಸರು ಅಲ್ಲೇ ಇದ್ದ ಕಲ್ಲುಬೆಂಚಿನ ಮೇಲೆ ಕೂತ. ಹೊರಗಿನವರನ್ನು ಬೇಲಿಯೊಳಗೆ ಬಿಟ್ಟದ್ದು ಮೇಲಿನವರಿಗೆ ತಿಳಿದರೆ ಮೊದಲು ಹೋಗುವುದು ಅವನ ಕೆಲಸ. ಸ್ವಲ್ಪ ಹೊತ್ತು ಯೋಚಿಸಿ ಎದ್ದು ನಿಂತು, "ನೋಡಿ, ನಾನೇನೂ ಮಾಡಿಸಿಲ್ಲ, ನೀವೇನೂ ಮಾಡಿಲ್ಲ. ಎಲ್ರೂ ಬೇಲಿಯಿಂದ ಈಚೆ ಬನ್ನಿ. ಬಂದದ್ದು ಬಂದಿದ್ದೀರಿ, ಸಂಜೆ ತನಕ ನೋಡ್ಕೊಂಡ್ ಹೋಗಿ" ಎಂದ. ಸರ್ಕಾರಿ ಸೇವೆಯ ಇಷ್ಟು ವರ್ಷಗಳಲ್ಲಿ ಇದಕ್ಕಿಂತ ಪ್ರಬುದ್ಧವಾದ ಆದೇಶವನ್ನು ನಾನು ನೋಡಿಲ್ಲ.

ಸರ್ವಮಂಗಳಮ್ಮ ಬೇಲಿಯಿಂದ ಹೊರಗೆ ಬಂದರು. ಚಿಕ್ಕಬಸಪ್ಪನವರು ಅವರ ಮುಖ ನೋಡಲಿಲ್ಲ. ತಮ್ಮ ಸಫಾರಿಯ ಗುಂಡಿಯೊಂದನ್ನು ತಿರುವುತ್ತ ನಿಂತಿದ್ದರು. ಅವರ ಅವಸ್ಥೆ ನೋಡಿ ನನಗೆ ಕಣ್ಣು ಒದ್ದೆಯಾಯಿತು. ಅವರನ್ನು ನೋಡಿ ನಾವೆಲ್ಲ ಎಷ್ಟು ಸಲ ನಕ್ಕಿದ್ದೇವೋ, ಆದರೆ ಆ ಮನುಷ್ಯ ಅಂದು ಮಾಡಿದ್ದೆಲ್ಲವೂ ಹೆಂಡತಿಯ ಒಂದು ಮಾತು ಉಳಿಸುವುದಕ್ಕೆ.

"ಈ ಸಲಾನೂ ಕೆಡಿಸ್ಬಿಟ್ಟೆ ಕಣೆ" ಎಂದರು. "ನೀನು ಬಸವೇಶನ ಜೊತೆ ಹೋಗು. ಅವನಾದ್ರೆ ನೆಟ್ಟಗೆ ತೋರಿಸ್ತಾನೆ."

"ಹ್ಞೂ ಬಾರಕ್ಕಾ" ಎಂದ ಬಸವೇಶ. ಅವನ ನಗು ಅಷ್ಟು ಹೊತ್ತಿಗೆ ನಿಂತಿತ್ತು. ಅವನೂ ಕೆಟ್ಟವನಲ್ಲ. "ಜೀಪಲ್ಲಿ ನಮ್ಮ ಪಕ್ಕ ಜಾಗ ಇದೆ. ಆಮೇಲೆ ವ್ಯಾನಲ್ಲೇ ಮನೆಗೆ ಬಿಡ್ತೀನಿ."

ಸರ್ವಮಂಗಳಮ್ಮ ತೋಳಿಗೆ ಅಂಟಿದ್ದ ಜಿರಾಫೆಯ ಜೊಲ್ಲನ್ನು ಸೆರಗಿನಲ್ಲಿ ಒರೆಸಿಕೊಂಡರು. ಬುಟ್ಟಿಯನ್ನು ಸೂಪರ್‌ವೈಸರಿಗೆ ಮರಳಿಸಿದರು. ಆಮೇಲೆ ತಮ್ಮನ ಕಡೆ ತಿರುಗಿದರು.

"ನೀವು ನೋಡ್ಕೊಂಡು ಹೊರಡಿ ಕಣೋ, ಮಕ್ಕಳು ಬಿಸಿಲಲ್ಲಿ ಬಾಡಿದ್ದಾವೆ. ನಮ್ಮನೆಯವ್ರು ನನಗೆ ಇನ್ನೂ ತೋರಿಸ್ತಾ ಇದ್ದಾರೆ."

ಬಸವೇಶ ಮಕ್ಕಳ ಕೈ ಹಿಡಿದು ಜೀಪಿನ ಕಡೆ ಹೊರಟ. ಸರ್ವಮಂಗಳಮ್ಮ ಗಂಡನ ಪಕ್ಕಕ್ಕೆ ಬಂದು ನಿಂತು, ಮುಂದಿನ ದಾರಿಯ ಕಡೆ ನೋಡಿದರು.

"ಆ ಕಡೆ ಏನಿದೆ ರೀ?"

ಚಿಕ್ಕಬಸಪ್ಪನವರು ತಲೆಯೆತ್ತಿದರು. "ಗೊತ್ತಿಲ್ಲ ಕಣೆ" ಎಂದರು.

"ಸರಿ, ನಡೀರಿ. ನೋಡೋಣ."